ಓಯಕ್ಕ ಹಕ್ಕಿ

ನಮ್ಮೂರಿನಲ್ಲಿ ಹಕ್ಕಿ ಕಂಡವರು ಯಾರೂ ಇಲ್ಲ, ಕೇಳಿದವರೇ ಎಲ್ಲ. ಕಣದಲ್ಲಿ ಹರಡಿದ ರಾಗಿ ನೋಡನೋಡುತ್ತಿದ್ದಂತೆ ಅಂಚಿನಿಂದ ತೆಳ್ಳಗಾಗುತ್ತದೆ. ಬಟ್ಟೆ ಒಣಹಾಕುವ ತಂತಿ ಗಾಳಿಯಿಲ್ಲದ ಹೊತ್ತಿನಲ್ಲಿ ತೂಗುತ್ತದೆ. ಕೊಂಬೆ ಒಂದು ಗೇಣು ಬಗ್ಗಿ, ಏನೋ ಜ್ಞಾಪಿಸಿಕೊಂಡ ಹಾಗೆ ಮೇಲೇಳುತ್ತದೆ. ಹೊಸ ಸೀರೆ ಉಟ್ಟ ದಿನವೇ ಹೆಗಲ ಮೇಲೆ ಬಿಳಿ ಬೊಟ್ಟು ಬೀಳುತ್ತದೆ, ತಲೆಯೆತ್ತಿ ನೋಡಿದರೆ ಬರೀ ಆಕಾಶ. ಬೇರೆ ಊರಿನಿಂದ ಬಂದವರು, ನಮ್ಮ ಕಡೆ ಹಕ್ಕಿಗೆ ರೆಕ್ಕೆ ಇರುತ್ತದೆ, ಬಣ್ಣ ಇರುತ್ತದೆ, ಕಣ್ಣಿಗೆ ಕಾಣುತ್ತದೆ ಅನ್ನುತ್ತಾರೆ. ಮನೆಗೆ ಬಂದವರ ಮಾತಿಗೆ ಎದುರಾಡಬಾರದು ಅಂತ ನಾವು ಹೌದಾ ಹೌದಾ ಅಂದು ಇನ್ನಷ್ಟು ಮಜ್ಜಿಗೆ ಬಗ್ಗಿಸುತ್ತೇವೆ.

ಕಾಣದ್ದಕ್ಕೆ ಹೆಸರು ಇಡುವುದು ಹೇಗೆ? ಅದು ಏನು ಅನ್ನುತ್ತದೋ ಅದೇ ಅದರ ಹೆಸರು. ಹಿಟ್ಟಿಕ್ಕು ಅನ್ನುವುದು ಹಿಟ್ಟಿಕ್ಕು ಹಕ್ಕಿ. ಬಂದ್ಯಾ ಬಂದ್ಯಾ ಅನ್ನುವುದು ಬಂದ್ಯಾ. ಕೆರೆ ಕೋಡಿಯ ಹತ್ತಿರ ತಟ್ಟೆತೊಳಿ ಅಂತ ಒಂದಿದೆ, ಊಟದ ಹೊತ್ತಿಗೆ ಸರಿಯಾಗಿ ಶುರು ಮಾಡುತ್ತದೆ. ಹೀಗೆ ಊರ ತುಂಬ ಮಾತು, ಮಾತಾಡಿದವರು ಮಾತ್ರ ಕಾಣುವುದಿಲ್ಲ. ಅದಕ್ಕೇ ನಮ್ಮಲ್ಲಿ ಒಂದು ಕಟ್ಟು ಇದೆ: ಮುಖ ಕಾಣದ ದನಿಗೆ ಓಗೊಡಬಾರದು. ಯಾಕೆ ಅಂತ ನಾನು ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಅತ್ತೆಯನ್ನು ಕೇಳಿದ್ದೆ. "ಹಿಟ್ಟಿಕ್ಕು ಅಂದಾಗಲೆಲ್ಲ ಹೂಂ ಅಂದು ಹಿಟ್ಟಿಕ್ಕುತ್ತಾ ಕೂತ್ರೆ ಬದುಕು ಮಾಡೋದು ಯಾವಾಗೆ?" ಅಂದರು. ಅಷ್ಟೇ ನನಗೆ ಸಿಕ್ಕಿದ ಉತ್ತರ.

ಹಾಗಾಗಿ ನಮ್ಮೂರಲ್ಲಿ ಗೋಡೆಯಾಚೆಯಿಂದ ಯಾರೂ ಯಾರನ್ನೂ ಕರೆಯುವುದಿಲ್ಲ. ಮಗು ಊಟಕ್ಕೆ ಬರಬೇಕಾದರೆ ತಾಯಿ ಸೌಟು ಹಿಡಿದುಕೊಂಡೇ ಬೀದಿಗೆ ಹೋಗಿ ಅದರ ಎದುರಿಗೆ ನಿಲ್ಲಬೇಕು. ಪ್ರತಿ ಬಾಗಿಲಿಗೂ ಮುಖದ ಎತ್ತರಕ್ಕೆ ಒಂದು ಕಿಂಡಿ. ಬಂದವರು ಬಾಗಿಲು ತಟ್ಟಿ ಕಿಂಡಿಗೆ ಮುಖ ಕೊಟ್ಟು ಸುಮ್ಮನೆ ನಿಲ್ಲುತ್ತಾರೆ. ಕಣ್ಣು ಹೋದವರು ಎದುರಿನವರ ಕೆನ್ನೆ ಸವರಿ ಆಮೇಲೆ ಬಾಯಿ ಬಿಡುತ್ತಾರೆ. ಒಂದು ಸಲ ಟೆಲಿಫೋನು ಬಂತು, ಮೂರು ತಿಂಗಳು ಅಂಗಡಿ ಬೀದಿಯಲ್ಲಿ ಒಂದೇ ಸಮನೆ ಬಡಿದುಕೊಂಡು ವಾಪಸ್ಸು ಹೋಯಿತು. ಒಂಟಿ ಇರುವವರಿಗೆ ಈ ಕಟ್ಟು ಸ್ವಲ್ಪ ಹೆಚ್ಚಾಗಿ ಬಿಗಿಯುತ್ತದೆ. ನನ್ನ ಯಜಮಾನರು ಹೋಗಿ ಹದಿನಾಲ್ಕು ವರ್ಷ. ಮನೆಯಲ್ಲಿ ಇನ್ನೊಂದು ಮುಖವಿಲ್ಲ, ಆದ್ದರಿಂದ ಮಾತೂ ಇಲ್ಲ. ಕನ್ನಡಿಯ ಮುಂದೆ ನಿಂತು ಮಾತಾಡಿದರೆ ತಪ್ಪಲ್ಲ ಅನ್ನುತ್ತಾರೆ. ನಿಂತು ನೋಡಿದ್ದೇನೆ. ಇಬ್ಬರಿಗೂ ಹೇಳುವಂಥ ಹೊಸ ಸಮಾಚಾರ ಏನೂ ಇರಲಿಲ್ಲ.

ನನ್ನ ಹೆಸರು ಕೆಂಪಾಜಮ್ಮ. ಅಕ್ಷರ ಕಲಿತದ್ದು ನಲವತ್ತಾರನೇ ವಯಸ್ಸಿಗೆ, ರಾತ್ರಿ ಶಾಲೆಯಲ್ಲಿ. ಚಿಕ್ಕಂದಿನಲ್ಲಿ ಕಲಿತವರು ಓದುವಾಗ ಅಕ್ಷರವನ್ನು ದಾಟಿಕೊಂಡು ಹೋಗಿಬಿಡುತ್ತಾರೆ. ತಡವಾಗಿ ಕಲಿತ ನನಗೆ ಒಂದೊಂದು ಅಕ್ಷರವೂ ಇನ್ನೂ ಒಂದೊಂದು ಕಲ್ಲಿನ ಹಾಗೆ ಕಾಲಿಗೆ ತಾಗುತ್ತದೆ. ಕಿವಿಗೆ ಬಿದ್ದ ಸದ್ದು ತಾನಾಗಿ ಅಕ್ಷರಗಳಾಗಿ ಒಡೆದುಕೊಳ್ಳುತ್ತದೆ. ಆ ಗುಣ ನೋಡಿಯೇ ನನ್ನನ್ನು ಹಕ್ಕಿ ಲೆಕ್ಕದ ಕಚೇರಿಗೆ ಕಿವಿಯಾಳಾಗಿ ತೆಗೆದುಕೊಂಡರು. ಒಂದೇ ಒಂದು ಊನ ಅಂದರೆ ನಾನು ಪದಗಳನ್ನು ಬಿಡಿಸಿ ಬರೆಯುವುದಿಲ್ಲ. ಒಂದು ಸಲ ಪೆನ್ನು ಊರಿದರೆ ಸಾಲು ಮುಗಿಯುವ ತನಕ ಎತ್ತಲು ಮನಸ್ಸು ಬರುವುದಿಲ್ಲ, ಎಲ್ಲವೂ ಒಂದಕ್ಕೊಂದು ಅಂಟಿಕೊಂಡು ಕೂರುತ್ತವೆ.

ಮೊದಲು ಕಿವಿಯಾಳುಗಳು ಹನ್ನೆರಡು ಮಂದಿ ಇದ್ದೆವು. ಬೆಳಗಿನ ಹೊತ್ತು ಒಬ್ಬೊಬ್ಬರು ಒಂದೊಂದು ಮರದ ಬುಡದಲ್ಲಿ ಕೂತು, ಯಾವ ಹಕ್ಕಿ ಎಷ್ಟು ಸಲ ಅಂದಿತು ಅಂತ ಗೀಟು ಹಾಕುತ್ತಿದ್ದೆವು. ಆಮೇಲೆ ಕೇಳುಪೆಟ್ಟಿಗೆಗಳು ಬಂದವು. ಅಂಗೈಯಗಲದ ಡಬ್ಬಿ, ಒಳಗೊಂದು ಮೈಕು, ನೆತ್ತಿಯ ಮೇಲೆ ಬಿಸಿಲು ಕುಡಿಯುವ ಕರಿ ಹಲಗೆ. ಊರ ಸುತ್ತ ಅರವತ್ತೊಂದು ಮರಗಳಿಗೆ ಕಟ್ಟಿದರು. ಒಂದು ಕೇಳಿದ್ದನ್ನು ಪಕ್ಕದ್ದಕ್ಕೆ ದಾಟಿಸಿ, ಅದು ಮುಂದಿನದಕ್ಕೆ ದಾಟಿಸಿ, ಕೊನೆಗೆ ಕಚೇರಿಯ ಕಂಪ್ಯೂಟರಿಗೆ ಬಂದು ಬೀಳುತ್ತದೆ. ಕಂಪ್ಯೂಟರು ಪ್ರತಿ ಕೂಗನ್ನೂ ಆರು ಸೆಕೆಂಡಿನ ತುಂಡಾಗಿ ಕತ್ತರಿಸಿ, ಇದು ಹಿಟ್ಟಿಕ್ಕು ನೂರಕ್ಕೆ ತೊಂಬತ್ತು, ಇದು ಬಂದ್ಯಾ ನೂರಕ್ಕೆ ಎಂಬತ್ತು ಅಂತ ತಾನೇ ಹೇಳುತ್ತದೆ. ಹನ್ನೊಂದು ಜನ ಮನೆಗೆ ಹೋದರು. ಕಂಪ್ಯೂಟರಿಗೆ ಗುರುತು ಸಿಗದ ತುಂಡುಗಳು ‘ಗೊತ್ತಿಲ್ಲ’ ಅನ್ನುವ ಒಂದು ರಾಶಿಗೆ ಬೀಳುತ್ತವಲ್ಲ, ಅವನ್ನು ಕೇಳಿ ಹೆಸರು ಬರೆಯುವುದಕ್ಕೆ ನನ್ನೊಬ್ಬಳನ್ನು ಉಳಿಸಿಕೊಂಡರು. ಕಿವಿಯಾಳಿಗೆ ಒಂದೇ ನೇಮ. ಮುಖ ಕಾಣದ ದನಿಗೆ ಬೇರೆಯವರು ಓಗೊಟ್ಟರೆ ಊರು ಬೈದು ಬಿಡುತ್ತದೆ. ಕಿವಿಯಾಳು ಓಗೊಟ್ಟರೆ ಅವತ್ತಿಗೇ ಅವಳ ಕೆಲಸ ಹೋಯಿತು.

ಕಚೇರಿಯಲ್ಲಿ ನಾವು ಮೂರೇ ಜನ. ದೊಡ್ಡವರು ಶೇಷಗಿರಿ ರಾಯರು. ಹಕ್ಕಿ ಅಂದರೆ ಪ್ರಾಣ. ಯಾರಾದರೂ ಜೋರಾಗಿ ಕುರ್ಚಿ ಎಳೆದರೆ ಮುಖ ಕಿವುಚುವ ಮನುಷ್ಯ. ಇನ್ನೊಬ್ಬಳು ಸುಗುಣ, ಪೆಟ್ಟಿಗೆಗಳನ್ನು ನೋಡಿಕೊಳ್ಳುವವಳು. ಸೀರೆ ಎತ್ತಿ ಸಿಕ್ಕಿಸಿ ಏಣಿ ಇಟ್ಟು ಮರ ಹತ್ತಿದರೆ ಊರ ಗಂಡಸರು ಕೆಳಗೆ ನಿಂತು ಬುದ್ಧಿ ಹೇಳುತ್ತಾರೆ, ಅವಳು ಮೇಲಿನಿಂದ ಅವರ ತಲೆಗೆ ಒಣ ತೊಗಟೆ ಉದುರಿಸುತ್ತಾಳೆ.

ಈ ಸಲದ ಮಾಗಿಯಲ್ಲಿ ಒಂದು ದಿನ ರಾಶಿಯಲ್ಲಿ ಹೊಸ ಕೂಗು ಬಂತು. ನಲವತ್ತಮೂರನೇ ಪೆಟ್ಟಿಗೆ, ಅಂದರೆ ಹಳೇ ಹೆಂಚಿನ ಗೂಡಿನ ಪಕ್ಕದ ಹೊಂಗೆಮರದ್ದು. ಗೂಡು ನಿಂತು ವರ್ಷಗಳಾದವು, ಅಲ್ಲಿ ಈಗ ಹೆಂಚೂ ಸುಡುವುದಿಲ್ಲ, ಹೊಗೆಯೂ ಏಳುವುದಿಲ್ಲ. ಕಂಪ್ಯೂಟರು, ಬಂದ್ಯಾ ಇರಬಹುದು, ನೂರಕ್ಕೆ ಹದಿನೆಂಟು ಅಂದಿತ್ತು. ನಾನು ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಮೂರು ಸಲ ಕೇಳಿದೆ. ಕೊಡದೊಳಗೆ ಬಾಯಿಟ್ಟು ಊದಿದ ಹಾಗೆ ಮೊದಲು ಉದ್ದಕ್ಕೆ ಒಂದು ಓ, ಆಮೇಲೆ ಅಡಿಯಲ್ಲಿ ಗಕ್ಕನೆ ನಿಂತುಹೋಗುವ ಬಾಲ. ಪೆನ್ನು ಊರಿ ಒಂದೇ ಉಸಿರಿಗೆ ಬರೆದೆ: ಓಯಕ್ಕ.

ರಾಯರು ನನ್ನ ಎದುರಿಗೆ ಬಂದು ಮುಖ ತೋರಿಸಿ, ಕಿವಿಗೆ ಹಾಕಿಕೊಂಡು ಕೇಳಿದರು. ಮತ್ತೆ ಕೇಳಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ಹನ್ನೊಂದು ವರ್ಷ ಆಯ್ತು ಕೆಂಪಾಜಮ್ಮನೋರೆ, ಹೊಸ ಹಕ್ಕಿ ಅಂತ ಈ ಪುಸ್ತಕದಲ್ಲಿ ಬರೆದು."

"ನಾನು ಕೇಳಿದ್ದು ಸರಿಯೇನೋ, ಇನ್ನೊಂದು ಸಲ ನೋಡಿ ಬುದ್ಧಿ."

"ಸರಿ ಅಂದ್ರೆ ಸರಿ. ಓಯಕ್ಕ! ಏನು ಚಂದ ಇದೆ." ತಾವೇ ದಪ್ಪ ಪುಸ್ತಕ ತೆಗೆದು, ಮೊದಲು ಕೇಳಿದವರು ಅನ್ನುವ ಕಡೆ ನನ್ನ ಹೆಸರು ಬರೆದರು. ಇನ್ನೊಬ್ಬರು ಕೂತು ನನ್ನ ಹೆಸರನ್ನು ಅಷ್ಟು ನಿಧಾನವಾಗಿ, ಅಷ್ಟು ದುಂಡಗೆ ಬರೆದದ್ದನ್ನು ನಾನು ಮೊದಲ ಸಲ ನೋಡಿದ್ದು. ಸುಗುಣ ಪಕ್ಕದಿಂದ ಬಂದು, "ಅವ್ವ, ಇನ್ಮೇಲೆ ನಿನ್ನ ಹಕ್ಕಿ ನಮ್ಮ ಮೇಲೆ ಹಿಕ್ಕೆ ಹಾಕಿದ್ರೆ ನಿನ್ನ ಕೈಲೇ ಸೀರೆ ಒಗೆಸ್ತೀನಿ," ಅಂದಳು.

ನನ್ನ ಮನೆಗೆ ಹೋಗುವ ಕಾಲುದಾರಿ ಹೆಂಚಿನ ಗೂಡನ್ನು ಬಳಸಿಕೊಂಡೇ ಹೋಗುತ್ತದೆ. ಅವತ್ತು ಸಂಜೆ, ಬಿಸಿಲಿನ್ನೂ ಇದ್ದಾಗ, ಗೂಡಿನ ಹತ್ತಿರ ಬರುತ್ತಲೇ ಕೇಳಿಸಿತು. ತಂತಿಯಲ್ಲಿ ಬಂದದ್ದಲ್ಲ, ಅದೇ. ನಾನು ನಿಂತುಬಿಟ್ಟೆ. ಹೊಂಗೆಮರದ ಕೊಂಬೆಗಳಲ್ಲಿ ಯಾವುದು ಬಗ್ಗಿದೆ ಅಂತ ಹುಡುಕಿದೆ. ಓ… ಯಕ್ಕ. ಓ… ಯಕ್ಕ. ನಾನು ನಿಂತದ್ದು ಗೊತ್ತಾಯಿತೋ ಅನ್ನುವ ಹಾಗೆ ಇನ್ನೂ ಬಿರುಸಾಗಿ ಅಂದಿತು. ಮನೆಯಲ್ಲಿ ಹದಿನಾಲ್ಕು ವರ್ಷದಿಂದ ನನ್ನನ್ನು ಕರೆದವರಿಲ್ಲ. ನಾಲಿಗೆಯ ತುದಿಗೆ ಓ ಬಂತು. ಸೆರಗು ಕಚ್ಚಿಕೊಂಡೆ, ಕೆಮ್ಮು ಬಂದ ಹಾಗೆ ಮಾಡಿ ನುಂಗಿದೆ. ತುಸು ಹೊತ್ತು ಕೇಳಿ, ಚಪ್ಪಲಿ ಸರಿಮಾಡಿಕೊಂಡು ನಡೆದೆ. ಮಾರನೇ ಸಂಜೆಯೂ ನಿಂತೆ. ಮೂರನೇ ಸಂಜೆ, ಹೇಳಲು ನಾಚಿಕೆ, ತಲೆ ಬಾಚಿಕೊಂಡು ಹೋಗಿ ನಿಂತಿದ್ದೆ.

ನಾಲ್ಕನೇ ದಿನ ಸುಗುಣ ಕಂಪ್ಯೂಟರಿನಲ್ಲಿ ಊರಿನ ನಕ್ಷೆ ತೆರೆದು ನಮ್ಮಿಬ್ಬರನ್ನೂ ಕರೆದು ತೋರಿಸಿದಳು. ಗೂಡಿನ ಸುತ್ತ ಮೂರು ಪೆಟ್ಟಿಗೆಗಳಿವೆ. ಒಂದೇ ಕೂಗು ಒಂದಕ್ಕೆ ಮೊದಲು ಮುಟ್ಟುತ್ತದೆ, ಇನ್ನೊಂದಕ್ಕೆ ಕಣ್ಣು ಮಿಟುಕಿಸುವಷ್ಟು ತಡ, ಮತ್ತೊಂದಕ್ಕೆ ಇನ್ನೂ ತಡ. ಆ ತಡ ಅಳೆದರೆ ಕೂಗಿದವರು ಎಲ್ಲಿದ್ದಾರೆ ಅಂತ ಒಂದು ಚುಕ್ಕಿ ಇಡಬಹುದು. ಬೇರೆ ಹಕ್ಕಿಗಳ ಚುಕ್ಕಿಗಳು ನಕ್ಷೆಯ ತುಂಬ ಸಾಸಿವೆ ಚೆಲ್ಲಿದ ಹಾಗೆ ಬಿದ್ದಿದ್ದವು. ಓಯಕ್ಕನವು ನಾನೂರು ಚಿಲ್ಲರೆ ಚುಕ್ಕಿಗಳೂ ಒಂದರ ಮೇಲೊಂದು ಕೂತು ಗೂಡಿನ ನಡುವೆ ಒಂದೇ ಬೊಟ್ಟಾಗಿದ್ದವು.

"ಕೂತಲ್ಲೇ ಕೂತಿದೆ. ಅಲ್ಲಾಡಿಲ್ಲ," ಅಂದಳು.

ರಾಯರು ಪಿಸುಮಾತಿನಲ್ಲಿ, "ಕಾವು," ಅಂದರು. "ಹೊಗೆಕೊಳವೇಲಿ ಮೊಟ್ಟೆ ಇಟ್ಟು ಕಾವಿಗೆ ಕೂತಿದೆ."

ಕಾವಿಗೆ ಕೂತ ಹಕ್ಕಿಯ ಹತ್ತಿರ ನಮ್ಮೂರಲ್ಲಿ ಯಾರೂ ಸುಳಿಯುವುದಿಲ್ಲ. ಕಾಣದ ಮೊಟ್ಟೆಯನ್ನು ತುಳಿದೇವು ಅನ್ನುವ ಭಯ. ನೂರು ಮಾರು ದೂರದಲ್ಲಿ ಸುತ್ತಲೂ ಅರಿಶಿನದ ದಾರ ಕಟ್ಟುತ್ತೇವೆ. ಮರಿಗಳ ದನಿ ಪೆಟ್ಟಿಗೆಯಲ್ಲಿ ಕೇಳುವ ತನಕ ದಾರ ದಾಟುವ ಹಾಗಿಲ್ಲ. ಮೊದಲು ಕೇಳಿದವರೇ ದಾರದ ತುದಿ ಹಿಡಿಯಬೇಕು. ನಾನು ಹಿಡಿದೆ. ಸುಗುಣ ಉಂಡೆ ಬಿಚ್ಚುತ್ತಾ ಸುತ್ತು ಬಂದಳು, ರಾಯರು ಕಾಲುದಾರಿಯನ್ನೂ ಒಳಗೆ ಸೇರಿಸಿ ಎರಡೂ ಕಡೆ ಗಂಟು ಹಾಕಿದರು. ಅವತ್ತಿನಿಂದ ನಾನು ಕೆರೆ ಏರಿಯ ಮೇಲೆ ಸುತ್ತು ಹಾಕಿಕೊಂಡು ಮನೆಗೆ ಹೋಗತೊಡಗಿದೆ. ಅಷ್ಟು ದೂರಕ್ಕೆ ಅದರ ದನಿ ಕೇಳುತ್ತಿರಲಿಲ್ಲ.

ದಿನದಿನದ ಲೆಕ್ಕ ಬರೆಯುವವಳು ನಾನೇ. ಮೊದಲ ದಿನ ನೂರಾ ಅರವತ್ತು ಕೂಗು. ದಾರ ಕಟ್ಟಿದ ದಿನ ನೂರಾ ಹತ್ತು. ಆಮೇಲೆ ಎಂಬತ್ತು, ಐವತ್ತೆರಡು, ಮೂವತ್ತು. ಒಂಬತ್ತನೇ ದಿನ ಬೆಳಗಿನಿಂದ ಬರೀ ಆರು. ರಾಯರ ಮುಖದಲ್ಲಿ ನಗೆ. "ಮೊಟ್ಟೆ ಒಡೆಯೋ ಹೊತ್ತು ಬಂತು ನೋಡಿ, ತಾಯಿ ಮೌನ ಆಗ್ತಾ ಇದೆ. ಊರಿಗೆಲ್ಲ ಸಕ್ಕರೆ ಹಂಚಬೇಕು."

ನನಗೆ ಮಾತ್ರ ಅದು ಬೇಕಾಗಿತ್ತು, ಅದರ ದನಿ. ಆರು ಸೆಕೆಂಡಿನ ಚೂರುಗಳು ಸಾಲುತ್ತಿರಲಿಲ್ಲ. "ಸುಗುಣ, ಈ ಮಿಷನ್ನು ಕತ್ತರಿಸದೇ ಇರೋದು, ಪೂರ್ತಿ ಇರೋದು ಎಲ್ಲಾದ್ರೂ ಇರುತ್ತಾ?" ಅಂತ ಕೇಳಿದೆ.

"ಇರ್ತದೆ, ಸುತ್ತಲ ಮೂರೂ ಪೆಟ್ಟಿಗೆ ಹೊಟ್ಟೇಲಿ ಹತ್ತು ದಿನದ್ದು. ನಲವತ್ತಮೂರು ದಾರದ ಒಳಗಾಯ್ತು. ಏರಿ ಮೇಲಿನ ನಲವತ್ತನಾಲ್ಕು ದಾರದ ಆಚೆಗದೆ, ನಮ್ಮ ಕಿವಿಗೆ ಮುಟ್ಟದ್ದೂ ಅದಕ್ಕೆ ಮುಟ್ತದೆ. ಯಾಕವ್ವ, ಇರೋ ಕೆಲಸ ಸಾಲ್ದಾ?"

"ಕೇಳ್ಬೇಕು ಅನ್ನಿಸ್ತು ಕಣೆ."

ಅವಳು ನನ್ನ ಮುಖವನ್ನೇ ನೋಡಿದಳು, ಏಣಿ ಹೊತ್ತುಕೊಂಡು ಹೋಗಿ ಕಾರ್ಡು ಬಿಚ್ಚಿ ತಂದಳು. ಅದನ್ನು ಕಂಪ್ಯೂಟರಿಗೆ ಹಾಕಿ, ದೂರದ ಸದ್ದನ್ನು ಎತ್ತರಿಸಿ, ಕಿವಿಗೆ ಸಿಕ್ಕಿಸಿ ಕೊಟ್ಟಳು.

ಬೆಳಗಿನ ಹೊತ್ತೆಲ್ಲ ಕೂತು ಕೇಳಿದೆ. ಗಾಳಿ, ಎಲೆ, ದೂರದಲ್ಲಿ ತಟ್ಟೆತೊಳಿ. ಆಮೇಲೆ ಓಯಕ್ಕ. ಆಮೇಲೆ ಏನೂ ಇಲ್ಲ. ಆಮೇಲೆ ಮತ್ತೆ ಓಯಕ್ಕ. ನಲವತ್ತು ಕೂಗು ಕೇಳುವಷ್ಟರಲ್ಲಿ ಆ ಏನೂ ಇಲ್ಲದ ಜಾಗ ನನ್ನನ್ನು ಚುಚ್ಚಲು ಶುರು ಮಾಡಿತು. ಹಕ್ಕಿ ಕೂಗಿ ಉಸಿರು ತೆಗೆದುಕೊಳ್ಳುತ್ತದೆ, ಮತ್ತೆ ಕೂಗುತ್ತದೆ, ಅದಕ್ಕೆ ಕೂಗುವುದೇ ಕೆಲಸ. ಇದು ಹಾಗಲ್ಲ. ಕೂಗಿ ಕಾಯುತ್ತಿತ್ತು. ಎದುರಿನವರು ಓ ಅನ್ನಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಜಾಗ ಬಿಟ್ಟು ಕಾಯುತ್ತಿತ್ತು.

ನಾನು ನಿಂತ ಮೊದಲ ಸಂಜೆಯದನ್ನು ಹಾಕಲು ಹೇಳಿದೆ. ಮೊದಲು ಪಟ್ ಪಟ್ ಅಂತ ಚಪ್ಪಲಿ ಸದ್ದು. ಅದು ನಿಂತಿತು. ಒಂದು ಕೆಮ್ಮು. ನನ್ನದೇ ಕೆಮ್ಮು. ತಕ್ಷಣ ಕೂಗು ಒಂದರ ಮೇಲೊಂದು ಬಿದ್ದವು, ಮಧ್ಯೆ ಜಾಗವೇ ಇಲ್ಲದೆ, ಏಳು ಸಲ, ಎಂಟು ಸಲ. ಆಮೇಲೆ ಪಟ್ ಪಟ್, ಪಟ್ ಪಟ್, ದೂರವಾಯಿತು. ಕೂಗು ನಿಂತಿತು. ಬಹಳ ಹೊತ್ತು ಬರೀ ಎಲೆ. ಕೊನೆಗೆ ಗಾಳಿಗಿಂತ ಸಣ್ಣಗೆ, ಮೂಗು ಒರೆಸಿಕೊಂಡ ಸದ್ದು.

ನಾನು ಬರೆದ ಹಾಳೆ ಎದುರಿಗೇ ಇತ್ತು. ಓಯಕ್ಕ. ಮಧ್ಯೆ ಒಂದು ಬೆರಳು ಇಡುವಷ್ಟು ಜಾಗ ಬಿಟ್ಟಿದ್ದರೆ ಮೊದಲ ದಿನವೇ ಯಾರಾದರೂ ಓದುತ್ತಿದ್ದರು: ಓ ಯಕ್ಕ.

"ಸುಗುಣ, ಇದು ಮನುಷ್ಯ."

"ಏನವ್ವ ನೀನು! ಬಂದ್ಯಾ ಅಂತ ನೂರಕ್ಕೆ ಹದಿನೆಂಟು ಕೊಟ್ಟದೆ ಮಿಷನ್ನು."

"ಉಳಿದ ಎಂಬತ್ತೆರಡು ಯಾರದೇ?"

ಅವಳು ಕಿವಿಗೆ ಹಾಕಿಕೊಂಡು ಕೇಳಿದಳು. ಮೂಗಿನ ಸದ್ದು ಬಂದಾಗ ಎದ್ದು ನಿಂತಳು. ಇಬ್ಬರೂ ರಾಯರ ಕೋಣೆಗೆ ಹೋದೆವು. ರಾಯರು ಕೇಳಿದರು. ಕೆಟ್ಟವರಲ್ಲ ಅವರು, ಬೆವರು ಬಂದಿತ್ತು. "ಹಕ್ಕಿಗೂ ಸೀನು ಬರುತ್ತೆ ಕೆಂಪಾಜಮ್ಮನೋರೆ. ನಾವೇನು ಕಂಡಿದ್ದೀವಾ? ದಾರ ದಾಟಿ ಹೋಗಿ, ತಾಯಿ ಹೆದರಿ ಎದ್ದುಹೋದರೆ ಮೊಟ್ಟೆ ತಣ್ಣಗಾಗುತ್ತವೆ. ಹನ್ನೊಂದು ವರ್ಷಕ್ಕೆ ಬಂದ ಹಕ್ಕಿ. ನಾಳೆ ಊರ ಸಭೆ ಕರೆದು ಕೇಳೋಣ. ಒಂದು ದಿನ."

"ನನ್ನದು ತಪ್ಪಾದ್ರೆ ಹಕ್ಕಿ ಹೋಗುತ್ತೆ. ಸರಿಯಾದ್ರೆ ಏನು ಹೋಗುತ್ತೆ ಬುದ್ಧಿ?"

ಅವರು ಪುಸ್ತಕದ ಕಡೆ ನೋಡಿದರು. ಇವತ್ತು ಆರೇ ಕೂಗು ಅಂತ ನಾನೇ ಬರೆದಿದ್ದೆನಲ್ಲ, ಅದು ತೆರೆದೇ ಇತ್ತು. ನಾನು ಅಲ್ಲಿ ನಿಲ್ಲಲಿಲ್ಲ.

ಮಧ್ಯಾಹ್ನದ ಬಿಸಿಲು. ನಾನೇ ತುದಿ ಹಿಡಿದು ಕಟ್ಟಿಸಿದ ದಾರವನ್ನು ಎತ್ತಿ ನುಸುಳಿ, ನೆಲ ಮುಟ್ಟಿ ಮುಟ್ಟಿ ನೋಡಿಕೊಂಡು ಹೋದೆ. ಮೊಟ್ಟೆ ಇದ್ದರೆ ಕೈಗಾದರೂ ಸಿಗಲಿ ಅಂತ. ಏನೂ ಸಿಗಲಿಲ್ಲ. ಗೂಡಿನ ಬಾಗಿಲ ಕಡೆ ಹೋದರೆ, ಒಳಗೆ ಪೇರಿಸಿದ್ದ ಹಳೇ ಹೆಂಚಿನ ಗೋಡೆ ಕುಸಿದು ಬಾಗಿಲೇ ಮುಚ್ಚಿಹೋಗಿತ್ತು. ಕೂಗು ಇರಲಿಲ್ಲ. ಉರಿ ಹಾಕುವ ಗಂಡಿ ನೆಲಮಟ್ಟದಲ್ಲಿ ಇತ್ತು, ಒಲೆಯ ಬಾಯಿಯಷ್ಟು. ಒಳಗೆ ಕತ್ತಲೆ. ಕರೆಯಬೇಕು. ಆದರೆ ಮುಖ ಕಾಣದವರನ್ನು ಏನಂತ ಕರೆಯುವುದು? ಐವತ್ತು ವರ್ಷದ ಅಭ್ಯಾಸ ಅಡ್ಡ ನಿಂತಿತ್ತು. ಗೋಡೆಗೆ ಕೈ ಕೊಟ್ಟು ಗಂಡಿಯ ಕಡೆ ಬಗ್ಗಿದೆ. ಒಳಗಿದ್ದ ಜೀವ ಕರೆದಾಗಿತ್ತು, ನೂರಾರು ಸಲ ಕರೆದಾಗಿತ್ತು. ನನ್ನ ಪಾಲಿನದಷ್ಟೇ ಬಾಕಿ. ಕಣ್ಣು ಮುಚ್ಚಿ ಅಂದೆ: "ಓ."

ಒಳಗಿಂದ ಏನೂ ಬರಲಿಲ್ಲ. ಮತ್ತೆ ಅಂದೆ. "ಓ… ಓ." ತಡವಾಯಿತು, ಮುಗಿಯಿತು ಅಂದುಕೊಂಡೆ. ಆಗ ಒಣಗಿದ ಒಂದು ಗಂಡು ದನಿ, ತನಗೆ ತಾನೇ ಹೇಳಿಕೊಂಡ ಹಾಗೆ ಕೇಳಿತು: "ಹಕ್ಕಿನಾ?"

ಅವನೂ ನಮ್ಮೂರಲ್ಲಿ ಇರುವವನೇ. ಮುಖ ಕಾಣದ ದನಿಗೆ ಅವನು ಹೇಗೆ ಓಗೊಟ್ಟಾನು?

ನಾನು ನೆಲಕ್ಕೆ ಬೋರಲು ಮಲಗಿ ಗಂಡಿಗೆ ಮುಖ ಕೊಟ್ಟೆ. "ಈಗ ಕಾಣ್ತದಾ?"

"ಕಾಣ್ತದೆ. ಮುದುಕಿ."

"ಮುದುಕಿನೇ."

"ಆ ಚಪ್ಲಿ ನಿಂದಾ? ಪಟ್ ಪಟ್ ಅನ್ನದು?"

"ನಂದೇ ಕಣಪ್ಪ."

"ಮೂರು ದಿನ ನಿಂತ್ಕಂಡು ಕೇಳ್ದೆ. ಕೇಳ್ಕಂಡು ಹೋದೆ." ಒಂದೊಂದೇ ಮಾತನ್ನು ಎಳೆದು ತಂದು ಇಡುತ್ತಿದ್ದ. "ಯಾಕೆ ಹೋದೆ ಯಕ್ಕ?"

"ಹಕ್ಕಿ ಅಂದ್ಕಂಡೆ."

ಒಳಗೆ ಕೆಮ್ಮಿದ ಹಾಗೆ ಸದ್ದಾಯಿತು. ಅದು ನಗು ಅಂತ ಆಮೇಲೆ ತಿಳಿಯಿತು. "ನಾನೂ ಈಗ ಹಂಗೇ ಅಂದ್ಕಂಡೆ," ಅಂದ.

ಹೆಸರು ಜವರಯ್ಯ. ಗೂಡು ಕಾಯಲು ಇಟ್ಟವನು, ಹತ್ತು ದಿನಕ್ಕೊಮ್ಮೆ ಅಂಗಡಿಗೆ ಬಂದರೆ ಬಂದ, ಅಲ್ಲಿ ಒಬ್ಬನಿದ್ದಾನೆ ಅನ್ನುವುದೇ ನಮಗೆ ನೆನಪಿರಲಿಲ್ಲ. ಗಾಳಿ ತಾಗಬಾರದು ಅಂತ ಗೂಡಿನೊಳಗೆ ಮಲಗುತ್ತಿದ್ದ. ಹೆಂಚು ಕುಸಿದು ಕಾಲಿನ ಮೇಲೆ ಕೂತಿತ್ತು. ಕೈಗೆ ಎಟುಕುವಷ್ಟರಲ್ಲಿ ಒಂದು ಮಡಕೆ ನೀರು, ಒಂದು ಚೀಲ ಕಡ್ಲೆಪುರಿ. ಕೂಗಿದ್ದು ಹೊಗೆಕೊಳವೆ ಹತ್ತಿ ಹೊರಗೆ ಬರುವಷ್ಟರಲ್ಲಿ ಮನುಷ್ಯರ ದನಿ ಸವೆದು ಬೇರೆ ಏನೋ ಆಗುತ್ತಿತ್ತು. "ಅಕ್ಕ ಎಲ್ಲವ್ಳೆ? ಹೇಳಿ ಕಳುಸ್ತೀನಿ," ಅಂದೆ.

"ಯಾರೂ ಇಲ್ಲ. ಹೆಂಗಸಿನ ನಡೆ ಸದ್ದು ಕೇಳ್ತು. ಯಕ್ಕ ಅಂದೆ." ತಡೆದು, "ಹೋಗಬ್ಯಾಡ, ಅಲ್ಲೇ ಇರು. ಮುಖ ತೆಗೀಬ್ಯಾಡ," ಅಂದ.

ನಾನು ತೆಗೆಯಲಿಲ್ಲ. ಅವನ ಮುಖ ನನಗೆ ಕಾಣುತ್ತಿರಲಿಲ್ಲ. ಕತ್ತಲೆಯ ಜೊತೆ ಮಾತಾಡುತ್ತಾ ಮಲಗಿದ್ದೆ. ದಾರದ ಆಚೆ ಸುಗುಣ ಬಂದು ನಿಂತದ್ದು, ನಾನು ನೆಲದಲ್ಲಿ ಮಲಗಿ ಯಾರಿಗೋ ಹೂಂಗುಟ್ಟುವುದನ್ನು ಕಂಡು ದಾರವನ್ನು ಹಲ್ಲಿನಿಂದ ಕಚ್ಚಿ ಹರಿದು ಊರ ಕಡೆ ಓಡಿದ್ದು, ಎಲ್ಲ ಆಮೇಲೆ ಅವಳೇ ಹೇಳಿದಳು. ಹಾರೆ ಹಿಡಿದುಕೊಂಡು ಹತ್ತು ಜನ ಬಂದರು. ಅವರು ಬಾಗಿಲ ಕಡೆ ಹೆಂಚು ತೆಗೆಯುವಷ್ಟು ಹೊತ್ತೂ ಅವನು ನನ್ನನ್ನು ಏನೇನೋ ಕೇಳಿದ, ಮಳೆ ಬಂತಾ, ರಾಗಿ ಎಷ್ಟಾಯ್ತು, ನಿನಗೆ ಎಷ್ಟು ಮಕ್ಕಳು. ಇಲ್ಲ ಅಂದೆ. "ನನಗೂ ಇಲ್ಲ, ಬಿಡು," ಅಂದ. ಹೊರಗೆ ತಂದಾಗ ಮುಖಕ್ಕೆ ಬಟ್ಟೆ ಹೊದಿಸಿದ್ದರು, ಬಿಸಿಲು ಕಣ್ಣಿಗೆ ಹೊಡೆಯಬಾರದು ಅಂತ. ಒಂದು ಮಂಚದ ಮೇಲೆ ಮಲಗಿಸಿ ಟೆಂಪೋಗೆ ಏರಿಸಿ ದೊಡ್ಡ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕಾಲು ಉಳಿಯುವುದಿಲ್ಲ, ಜೀವ ಉಳಿಯುತ್ತದೆ ಅಂತ ಡಾಕ್ಟರು ಅಂದರಂತೆ. ಹೀಗೆ ನಾನು ಅವನ ಮುಖ ನೋಡಲೇ ಇಲ್ಲ.

ಮರುದಿನ ಬೆಳಿಗ್ಗೆ ಕಚೇರಿಗೆ ಹೋದೆ. ಬೇರೆ ಎಲ್ಲಿಗೆ ಹೋಗಲಿ? ‘ಗೊತ್ತಿಲ್ಲ’ ರಾಶಿಯಲ್ಲಿ ಅವತ್ತು ಒಂದೇ ತುಂಡು ಇತ್ತು. ನಲವತ್ತಮೂರನೇ ಪೆಟ್ಟಿಗೆ, ಹಿಂದಿನ ಮಧ್ಯಾಹ್ನದ್ದು. ಕಂಪ್ಯೂಟರು, ಗೂಬೆ ಇರಬಹುದು, ನೂರಕ್ಕೆ ಒಂಬತ್ತು ಅಂದಿತ್ತು. ಹಾಕಿಕೊಂಡು ಕೇಳಿದೆ. ಭಾರದ ಮುಚ್ಚಳವನ್ನು ಮೆಲ್ಲಗೆ ಎಳೆದ ಹಾಗೆ ಒಡಕು ಒಡಕಾದ ಸದ್ದು. ಅಯ್ಯೋ, ಎಷ್ಟು ಕಾಲದಿಂದ ಬಾಯಿ ಬಿಟ್ಟಿರಲಿಲ್ಲವೋ ಈ ಜೀವ ಅಂದುಕೊಂಡೆ. ಇಂಥ ಒಂಟಿ ಹಕ್ಕಿ ಯಾವುದಿರಬಹುದು ಅಂತ ಇನ್ನೊಂದು ಸಲ ಕೇಳಿದೆ. ಮೂರನೇ ಸಲಕ್ಕೆ ಗುರುತು ಹತ್ತಿತು. ಅರವತ್ತೆಂಟು ವರ್ಷ ಆ ದನಿಯನ್ನು ಹೊತ್ತು ತಿರುಗಿದವಳಿಗೆ ಗುರುತು ಹತ್ತಲು ಮೂರು ಸಲ ಬೇಕಾಯಿತು.

ರಾಯರು ಕುರ್ಚಿಯನ್ನು ಸದ್ದಾಗದ ಹಾಗೆ ಎತ್ತಿ ತಂದು ನನ್ನ ಎದುರಿಗೆ ಹಾಕಿ ಕೂತರು. ಓಯಕ್ಕನ ಸಾಲಿಗೆ ಅವರೇ ಕೆಂಪು ಗೀಟು ಎಳೆದಿದ್ದರು, ನನ್ನ ಹೆಸರಿನ ಮೇಲೂ ಅದು ಹಾದುಹೋಗಿತ್ತು.

"ನಾನೂ ಅದನ್ನು ಕೇಳಿದೆ, ಬೆಳಿಗ್ಗೇನೇ," ಅಂದರು. "ಗೂಬೆ ಅಂತ ಬರೆದುಬಿಡಿ ಕೆಂಪಾಜಮ್ಮನೋರೆ. ಯಾರೂ ತಿರುಗಿಸಿ ಕೇಳೋರಿಲ್ಲ. ನಾನಂತೂ ಕೇಳಲ್ಲ. ಬೇರೆ ಏನಾದ್ರೂ ಬರೆದ್ರೆ, ನೇಮ ನಿಮಗೇ ಗೊತ್ತು, ನಾಳೆಯಿಂದ ಈ ಕುರ್ಚಿ ಖಾಲಿ ಇರುತ್ತೆ." ದನಿ ತಗ್ಗಿಸಿದರು. "ನೀವು ಮನೇಲಿ ಕೂತು ಏನು ಮಾಡ್ತೀರಿ?"

ಅದನ್ನೇ ನಾನೂ ಯೋಚಿಸುತ್ತಿದ್ದೆ. ಈ ಕೋಣೆ ಬಿಟ್ಟರೆ ನನ್ನ ಮುಖ ನೋಡಿ ಮಾತಾಡುವ ಇಬ್ಬರು ಇನ್ನೆಲ್ಲೂ ಇಲ್ಲ. ಗೂಬೆ ಅಂದರೆ ಎರಡೇ ಅಕ್ಷರ, ತಿದ್ದಿ ಬರೆಯಬೇಕಾದ್ದೂ ಇಲ್ಲ. ಆದರೆ ನಾನು ಗೂಬೆ ಅಂತ ಬರೆದರೆ, ನೆನ್ನೆ ಜವರಯ್ಯನಿಗೆ ಓಗೊಟ್ಟದ್ದು ಗೂಬೆಯೇ ಆಗಿಹೋಗುತ್ತದೆ. ಒಂಬತ್ತು ದಿನ ಕರೆದವನಿಗೆ ಈ ಊರಿನಲ್ಲಿ ಮನುಷ್ಯರೊಬ್ಬರೂ ಓ ಅನ್ನಲಿಲ್ಲ ಅಂತ ಲೆಕ್ಕದಲ್ಲಿ ಉಳಿಯುತ್ತದೆ.

ಸುಗುಣ ಬಾಗಿಲಲ್ಲಿ ಏಣಿ ಹಿಡಿದು ನಿಂತಿದ್ದಳು. ನಾನು ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡೆ. ಯಾವ ಹಕ್ಕಿ ಅನ್ನುವ ಕಡೆ, ಅವಸರ ಮಾಡದೆ ಬರೆದೆ: ನಾನು.